ಕರಗದ ಬೆಟ್ಟ

ಅಕ್ಷರದೊಳಗೂ ಅಕ್ಷರವನ್ನು ಮೀರಿಯೂ ನೆಲೆಸಿರುವ ಪರಮಾತ್ಮನಿಗೆ ವಂದನೆ.

ಜೂನ್ ಒಂಬತ್ತು, ಸೋಮವಾರ, ಪ್ರಾತಃಕಾಲ

ಪ್ರಾರ್ಥನೆ ಮುಗಿಯಿತು, ಮನಸ್ಸು ಪ್ರಯೋಗಾಲಯದಲ್ಲೇ ಉಳಿಯಿತು. ಶಿಷ್ಯೆಯ ಪ್ರಬಂಧ ಶುಕ್ರವಾರ ಸಲ್ಲಿಕೆಯಾಗಬೇಕು. ಆರ್‌ಎನ್‌ಎಯ ಅಕ್ಷರವೊಂದರ ಮೇಲೆ ಸೂಕ್ಷ್ಮವಾದ ಮೀಥೈಲ್ ಗುರುತು ಇದೆಯೆಂಬುದೇ ಅವಳ ಪ್ರಮೇಯ. ಗುರುತುಳ್ಳ ತುಣುಕುಗಳನ್ನು ಪ್ರತಿಕಾಯವು ಹೆಕ್ಕಿ ಹಿಡಿಯುತ್ತದೆ. ಹಿಡಿದಲ್ಲಿ ನಕ್ಷೆಯಲ್ಲೊಂದು ಏರು. ಆ ಏರಿಗೆ ಅವಳಿಟ್ಟ ಹೆಸರು ಬೆಟ್ಟ. ಸುಂದರವಾದ ಬೆಟ್ಟ. ಆದರೆ ಅದಕ್ಕೆ ಪ್ರತಿಕಾಯವೊಂದೇ ಸಾಕ್ಷಿ... ಗುರುತು ಬರೆಯುವ ಕಿಣ್ವವನ್ನೇ ತೆಗೆದ ಕೋಶಗಳಲ್ಲಿ ಬೆಟ್ಟ ಕರಗಬೇಕಲ್ಲವೇ ಎಂದೆ.

“ಸರ್, ನಿಮ್ಮ ಅನುಮಾನ ಹೋಗೋಕೆ ಯಾವ ಕಿಣ್ವ ತೆಗೀಬೇಕು?” ಎಂದಳು. ಆದರೂ ಕೆಲಸಕ್ಕೆ ಕೈಹಚ್ಚಿದಳು.

ಹನ್ನೊಂದು, ಬುಧವಾರ

ಕುಳಿತಲ್ಲಿ ಕೂರಲಾಗದು. ಮಡದಿ ಗದರಿದಳು: “ದೇವರ ಮುಂದೆ ಕೂತ್ರೂ ಕಾಲು ಅಲ್ಲಾಡಿಸ್ತೀರಲ್ಲ, ದೇವರಿಗೇ ತಲೆ ಸುತ್ತುತ್ತೆ!”

“ಫಲಿತಾಂಶ ನಾಳೆ ಬರುತ್ತೆ ಕಣೇ.”

“ಪರೀಕ್ಷೆ ಅವಳಿಗೋ, ನಿಮಗೋ?”

ಕಾಲು ಮಡಚಿ ಕುಳಿತೆ.

ಹನ್ನೆರಡು, ಗುರುವಾರ, ಮಧ್ಯಾಹ್ನ

ಕರಗಲಿಲ್ಲ. ಕಿಣ್ವವಿಲ್ಲ, ಗುರುತು ಇರಕೂಡದು — ಬೆಟ್ಟ ಮಾತ್ರ ಅಚಲ. ಪ್ರತಿಕಾಯ ಹಿಡಿದದ್ದು ಬೇರೇನನ್ನೋ. ಶಿಷ್ಯೆ ಕೈಗವಸು ಕಳಚಿ ಬುಟ್ಟಿಗೆಸೆದಳು.

“ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗಾಯ್ತು ಸರ್. ನಾಳೆ ಏನಂತ ಕೊಡ್ಲಿ?”

“ಕೊಡಬೇಡಮ್ಮ.”

“ಹಾಗೇ ಕೊಟ್ರೆ ಯಾರಿಗೆ ಗೊತ್ತಾಗುತ್ತೆ?”

“ನಮ್ಮಿಬ್ಬರಿಗೆ.”

ನಕ್ಷೆಯನ್ನು ಮತ್ತೆ ನೋಡಿದೆವು. ಬೆಟ್ಟವಿರುವುದು ಆರ್‌ಎನ್‌ಎಯ ಆರಂಭದಲ್ಲೇ! ಅಲ್ಲಿ ನಮ್ಮ ಗುರುತನ್ನೇ ಹೋಲುವ ದಾಯಾದಿ ಗುರುತೊಂದು ಕೂರುವುದುಂಟು. ಅದನ್ನು ಬರೆಯುವ ಕಿಣ್ವ ಬೇರೆ. ಪ್ರತಿಕಾಯಕ್ಕೆ ದಾಯಾದಿಗಳ ಭೇದ ತಿಳಿಯದು. ಹಾಗಿದ್ದರೆ ಆ ಇನ್ನೊಂದು ಕಿಣ್ವವನ್ನೂ ತೆಗೆದು ನೋಡಬೇಕು.

“ಬೆಟ್ಟ ಅಗೆದು ಇಲಿ ಹಿಡಿಯೋದಾ ಸರ್?” ಕಣ್ಣೊರೆಸಿಕೊಳ್ಳುತ್ತಲೇ ಕೇಳಿದಳು.

ಜುಲೈ ಇಪ್ಪತ್ತೊಂದು, ಸೋಮವಾರ, ಸಂಜೆ

ಪ್ರಬಂಧ ಹೋಗಲಿಲ್ಲ. ಅವಳ ಪದವಿ ಮುಂದಕ್ಕೆ ಹೋಯಿತು. ಇಷ್ಟು ದಿನ ಬರೆಯಲು ಕೈಯೇಳಲಿಲ್ಲ... ಕೊಡಬೇಡವೆಂದವನು ನಾನೇ ಅಲ್ಲವೇ. ಈಗ ತಾನೇ ಅವಳ ಫೋನ್ —

“ಸರ್! ಆ ಇನ್ನೊಂದು ಕಿಣ್ವ ತೆಗೆದ್ಮೇಲೆ ಬೆಟ್ಟ ಕರಗಿತು! ಪೂರ್ತಿ ನೆಲಸಮ! ಇಲಿ ಸಿಕ್ತು ಸರ್, ಇಲಿ!”

“ಇಲಿ ಸಿಕ್ಕಿತೇ!” ಎಂದು ಕೂಗಿಬಿಟ್ಟೆ.

ಮಡದಿ ಒಳಗಿನಿಂದ, “ಅಯ್ಯೋ, ಎಲ್ರೀ? ಅಡುಗೆಮನೇಲಾ?”

ದಾಯಾದಿಯೇ. ನಾವು ಹುಡುಕಿದ್ದಲ್ಲ, ಆದರೆ ನಿಜಕ್ಕೂ ಅಲ್ಲಿ ಇದ್ದದ್ದು.

ಕೋಶಗಳನ್ನು ಸಲಹಿದ ಕೈಗಳಿಗೂ, ಭೇದವರಿಯದ ಪ್ರತಿಕಾಯಕ್ಕೂ, ಪೊರಕೆ ಹಿಡಿದು ನಿಂತಿರುವ ಮಡದಿಗೂ, ಅಂದು ಪ್ರಬಂಧ ಕೊಡದೆ ನಿಂತ ಹುಡುಗಿಗೂ ಮಂಗಳವಾಗಲಿ. ಕಾಲು ಇನ್ನೂ ಅಲ್ಲಾಡುತ್ತಲೇ ಇದೆ. ಈ ಸಲ ದೇವರೂ ಜೊತೆಗೆ ಕಾಲು ಅಲ್ಲಾಡಿಸುತ್ತಿದ್ದಾನೇನೋ.