ಅಂಗಳ ಯಾರಿಗೆ ಇಷ್ಟ?

ಶಿವಲೀಲಾ,

ಇಷ್ಟು ವರ್ಷದ ಮೇಲೆ ಇವತ್ತು ನೀನು ಸಿಕ್ಕೆ, ಅದೂ ನಾನು ದಿನಾ ಓದುವ ಅಡುಗೆ ಬ್ಲಾಗಿನಲ್ಲಿ. ಪುಂಡಿಪಲ್ಯದ ಬರಹದ ಕೆಳಗಿನ ಕಮೆಂಟುಗಳನ್ನು ಓದುತ್ತಿದ್ದಾಗ ನನ್ನದೇ ಹೆಸರು ಕಣ್ಣಿಗೆ ಬಿತ್ತು. 'ಮಾನ್ವಿ ಸಾಲ್ಯಾಗ ಕುರ್ಡಿ ಹಳ್ಳಿಯ ವಿಶಾಖಾ ಅಂತ ಗೆಳತಿ ಇದ್ಲು. ಮಧ್ಯಾಹ್ನ ನಮ್ಮ ಮನಿಗೆ ಬರ್ತಿದ್ಲು. ನಮ್ಮವ್ವನ ಪುಂಡಿಪಲ್ಯ ಅಂದ್ರ ಆಕಿಗೆ ಜೀವ. ಅಂಗಳದಾಗ ಕುಂತು ಉಣ್ಣೋದು ಭಾಳ ಇಷ್ಟ' ಎಂದು ಬರೆದಿದ್ದೀಯ. ಎಷ್ಟೋ ಜನ ಲೈಕ್ ಒತ್ತಿದ್ದಾರೆ.

ಪಲ್ಯ ಇಷ್ಟ, ಒಪ್ಪಿದೆ. ಅಂಗಳ ಇಷ್ಟ ಅಂತ ನಿನಗೆ ಯಾರು ಹೇಳಿದರು? ನಿಮ್ಮವ್ವ ನನ್ನ ಕೈ ಮುಟ್ಟದಂತೆ ರೊಟ್ಟಿಯನ್ನು ಮೇಲಿನಿಂದ ಹಾಕುತ್ತಿದ್ದರು. ನೀರನ್ನೂ ಹಾಗೆಯೇ ನನ್ನ ಬೊಗಸೆಗೆ ಹೊಯ್ಯುತ್ತಿದ್ದರು. 'ಅಲ್ಲೇ ಕುಂದ್ರವಾ, ಗಾಳಿ ಚಲೋ ಬರ್ತದ' ಎನ್ನುತ್ತಿದ್ದರು. ಶಿವರಾತ್ರಿ ಕಳೆದ ಮೇಲೆ ಮಾನ್ವಿಯಲ್ಲಿ ಯಾವ ಗಾಳಿ ಬೇ? ಬೆಂಕಿ ಅದು.

ನೀನು ನಿನ್ನ ತಟ್ಟೆ ಹಿಡಿದು ಹೊರಗೆ ಬರುತ್ತಿದ್ದೆ. ನಿಮ್ಮವ್ವ ಬೈದರೂ ನನ್ನ ಪಕ್ಕದಲ್ಲೇ ಕೂರುತ್ತಿದ್ದೆ. ಅದನ್ನು ಮಾತ್ರ ನೀನು ಬರೆದಿಲ್ಲ.

ನಿನ್ನ ಫೋಟೊ ದೊಡ್ಡದು ಮಾಡಿ ನೋಡಿದೆ. ಕೂದಲು ನೆರೆತಿದೆ. ಉದ್ದದ ಉತ್ತರ ಟೈಪ್ ಮಾಡಿ ಅಳಿಸಿದೆ. ಕೊನೆಗೆ ನನ್ನ ಪೂರ್ತಿ ಹೆಸರು, ರಾಯಚೂರು ಅಂತ ಊರು ಹಾಕಿ, ಎಲ್ಲರೂ ಓದುವ ಹಾಗೆ ಇಷ್ಟೇ ಬರೆದೆ: 'ಆ ವಿಶಾಖಾ ನಾನೇ. ಅಂಗಳ ನನಗ ಎಂದೂ ಇಷ್ಟ ಇರಲಿಲ್ಲ. ಒಳಗ ಬಾ ಅಂತ ಯಾರೂ ಕರೀಲಿಲ್ಲ.'

ನೀನು ಪಕ್ಕದಲ್ಲಿ ಕೂರುತ್ತಿದ್ದ ಮಾತನ್ನು ನಾನೂ ಅಲ್ಲಿ ಬರೆಯಲಿಲ್ಲ. ಈ ಕಾಗದವನ್ನೂ ನಿನಗೆ ಕಳಿಸುವುದಿಲ್ಲ. ಅದು ನಿನಗೇ ನೆನಪಾಗಲಿ.

ವಿಶಾಖಾ