ಅಪ್ಪನ ಗಡಿಯಾರಕ್ಕೆ ಹೊಸ ಚೀಟಿ

ಅಪ್ಪ,

ಇವತ್ತು ಹರಾಜಿನಲ್ಲಿ ನಿಮ್ಮ ಮಾನ ಕಳೆದು ಬಂದಿದ್ದೇನೆ. ನೀವು ಸತ್ತು ಎಂಟು ತಿಂಗಳಾಯಿತು, ಇನ್ನು ನನ್ನನ್ನು ಗದರುವಂತಿಲ್ಲ.

ಅಣ್ಣ ನಿಮ್ಮ ಅಂಗಡಿಯ ಹಳೇ ಪೀಠೋಪಕರಣಗಳನ್ನೆಲ್ಲ ಹರಾಜಿಗೆ ಹಾಕಿದ್ದ. ಆಳೆತ್ತರದ ಗಡಿಯಾರದ ಮೇಲೆ 'ಇನ್ನೂರು ವರ್ಷ ಹಳೆಯದು, ಎಲ್ಲ ಭಾಗವೂ ಮೂಲದ್ದು' ಎಂಬ ಚೀಟಿ ಇತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಹರಾಜುಗಾರರ ಬಳಿ ಹೋದೆ.

"ಯಂತ್ರ ಮಾತ್ರ ಹಳೇದು ಸಾರ್. ಪೆಟ್ಟಿಗೆ ನಮ್ಮಪ್ಪ ಮುರುಕಲು ಬೀರು ಕುಯ್ದು ಮಾಡಿದ್ದು. ಬಾಗಿಲ ಹಿಂದೆ ಕೈಯಾಡಿಸಿ, ಬೀರುವಿನ ಬೀಗದ ತೂತು ಮುಚ್ಚಿರೋದು ಸಿಗುತ್ತೆ."

ಅಣ್ಣ ಹಲ್ಲು ಕಡಿದ. "ಸತ್ತವರ ಹೆಸರಿಗೆ ಮಸಿ ಬಳೀತೀಯಲ್ಲೇ, ನಿದ್ದೆಗೆಟ್ಟು ತಲೆ ಕೆಟ್ಟಿದೆಯಾ?"

ನಿದ್ದೆಗೆಟ್ಟಿರುವುದು ನಿಜ. ಮಗು ಉಸಿರಾಡುತ್ತಿದೆಯೋ ಇಲ್ಲವೋ ಎಂದು ಎದ್ದೆದ್ದು ನೋಡುತ್ತೇನೆ. ಆಗೆಲ್ಲ, ಬಸುರಿಯಾಗಿ ನಿಮ್ಮ ಬಾಗಿಲಿಗೆ ಬಂದವಳಿಗೆ ನೀವು "ನನಗೆ ಮಗಳೇ ಇಲ್ಲ" ಎಂದದ್ದು ಕೇಳಿಸುತ್ತದೆ.

ತೂತು ಸಿಕ್ಕಿತು. ಹರಾಜುಗಾರರು ಚೀಟಿ ಕಿತ್ತು, 'ಬೇರೆ ಬೇರೆ ಭಾಗ ಕೂಡಿಸಿ ಮಾಡಿದ್ದು' ಎಂದು ಬರೆದು, ಎಲ್ಲರಿಗೂ ಕೇಳುವಂತೆ ಓದಿದರು. ನಿಮ್ಮ ಹಳೇ ಗಿರಾಕಿಗಳು ಮುಖ ಮುಖ ನೋಡಿಕೊಂಡರು. ಎಷ್ಟು ಹಿತವಾಗಿತ್ತು ಗೊತ್ತೇ!

ಆಮೇಲೆ ಹರಾಜುಗಾರರು ಮರದ ಮೇಲೆ ಬೆರಳಾಡಿಸುತ್ತ ಅಂದರು: "ಮೋಸ ಮೋಸವೇ. ಆದರೆ ಈ ಬಣ್ಣ ನೋಡಮ್ಮ, ಯಾವ ಹಲಗೆ ಎಲ್ಲಿಂದ ಬಂತು ಅಂತ ನನಗೇ ಗೊತ್ತಾಗಲಿಲ್ಲ. ಯಾರ ಕೈ ಇದು?"

ಹದಿಮೂರನೇ ವಯಸ್ಸಿನಲ್ಲಿ, ಇಡೀ ರಜೆ ಟೀ ಡಿಕಾಕ್ಷನ್ನೂ ಮೇಣವೂ ತಿಕ್ಕಿ ತಿಕ್ಕಿ ಆ ಬಣ್ಣ ಬರಿಸಿದವಳು ನಾನು. ನೀವು ಒಮ್ಮೆ ನೋಡಿ ದೀಪ ಆರಿಸಿ ಹೋಗಿದ್ದಿರಿ.

"ಅಪ್ಪಂದು," ಅಂದೆ.