ಸೀಟಿನ ಎತ್ತರ

ಗೆಥಿನ್,

ನೋವಿಗೆ ಅಂತ ಮಂಡಿಗೆ ಒತ್ತಿಕೊಂಡಿದ್ದ ತಣ್ಣನೆ ಬಟಾಣಿ ಚೀಲವನ್ನು ಮತ್ತೆ ಫ್ರೀಜರಿನಲ್ಲಿ ಅಡುಗೆಯ ಬಟಾಣಿ ಜೊತೆಗೇ ತುರುಕಿದ್ದೀಯ. ಅದರ ಮೇಲೆ ನಿನ್ನ ಹೆಸರು ಬರೆದಿದ್ದೇನೆ. ಇನ್ನು ಅದನ್ನು ನನ್ನ ಪಾತ್ರೆಗೆ ಹಾಕುವುದಿಲ್ಲ.

ನಾನು ಚರ್ಚಿಗೆ ಹಾಡಿನ ಅಭ್ಯಾಸಕ್ಕೆ ಹೊರಟೆ. ಕುರಿಸಾರು ಒಲೆಯ ಮೇಲಿದೆ. ಕಾಲು ಚಾಚಿ ಕೂತು ಉಣ್ಣು.

ನಿನ್ನೆ ಗುಡ್ಡದ ಗೇಟಿನ ಹತ್ತಿರ ನಿನ್ನನ್ನು ವ್ಯಾನಿಗೆ ಹತ್ತಿಸಿಕೊಂಡಾಗ, "ಏನಿಲ್ಲ ಲೌರಿ, ಚಳಿಗೆ ಮಂಡಿ ಹಿಡ್ಕೊಂಡಿದೆ ಅಷ್ಟೆ" ಅಂದೆ ನೀನು. ಚಳಿಯಂತೆ. ಸೈಕಲ್ಲಿನ ಸೀಟು ತೀರಾ ಗಿಡ್ಡ, ಏರಿನಲ್ಲಿ ಮಂಡಿ ಮಡಚಿಕೊಂಡೇ ತುಳಿದರೆ ಕೀಲು ಉಳಿಯುವುದಿಲ್ಲ ಅಂತ ಫಿಸಿಯೋ ಬಿಡಿಸಿ ಹೇಳಿದ್ದಾಳೆ. "ಇಷ್ಟುದ್ದ ಇದ್ದಾರೆ, ಸೀಟು ಎತ್ತೋಕೆ ಏನಂತೆ ದಾಡಿ?" ಅಂತ ನನ್ನನ್ನೇ ಕೇಳಿದಳು. ಅದು ಆ ಗುಡ್ಡದಲ್ಲೇ ತೀರಿಹೋದ ನಿನ್ನ ತಮ್ಮ ಇಫಾನನ ಸೈಕಲ್ಲು, ಸೀಟು ಅವನು ಬಿಟ್ಟುಹೋದ ಎತ್ತರದಲ್ಲೇ ಇದೆ ಅಂತ ಯಾವ ಬಾಯಲ್ಲಿ ಹೇಳಲಿ?

ಇಫಾನ್ ನನಗೂ ಬೇಕಾದವನೇ. ಆದರೆ ಅವನು ನಿನ್ನ ಹೆಗಲೆತ್ತರಕ್ಕೆ ಬರುತ್ತಿದ್ದ. ನೀನು ಮುದುರಿಕೊಂಡು ತುಳಿದರೆ ಅವನು ವಾಪಸ್ ಬರುತ್ತಾನಾ? ನಿನ್ನ ಈ ಚಂದ ನೋಡಿದ್ದರೆ ಮೊದಲು ನಗುತ್ತಿದ್ದವನು ಅವನೇ.

ಬೆಳಿಗ್ಗೆ ನಾನೇ ಸೀಟು ಎತ್ತಿದೆ, ಬೆರಳು ತರಚಿಕೊಂಡು. ಕೂಗಾಡಬೇಡ. ಅವನ ಎತ್ತರ ಎಲ್ಲಿತ್ತೋ ಅಲ್ಲಿ, ಸೀಟಿನ ಕೊಳವೆಯ ಮೇಲೆ ನನ್ನ ಕೆಂಪು ಉಗುರುಬಣ್ಣದಲ್ಲಿ ಗೆರೆ ಎಳೆದಿದ್ದೇನೆ. ಅದು ಎಲ್ಲಿಗೂ ಹೋಗುವುದಿಲ್ಲ.

ಮತ್ತೆ ಇಳಿಸಿದೆಯೋ, ಕುಂಟಿಕೊಂಡೇ ಮನೆಗೆ ಬಾ. ನಾನು ವ್ಯಾನು ತರುವುದಿಲ್ಲ. ಆ ಗುಡ್ಡದಿಂದ ಒಬ್ಬನನ್ನು ಹೊತ್ತು ತಂದದ್ದು ಸಾಕು.

ಲೌರಿ